ವಾಯಿದೆ ವಕೀಲರು

ನನ್ನ ಅಜ್ಜ, ಅಂದರೆ ಅಪ್ಪನ ಅಪ್ಪ, ಮೂವತ್ತೆಂಟು ವರ್ಷ ವಕೀಲಿಕೆ ಮಾಡಿದರು. ಊರಲ್ಲಿ ಅವರಿಗಿದ್ದ ಹೆಸರು ವಾಯಿದೆ ವಕೀಲರು. ಕೋರ್ಟಿನಲ್ಲಿ ಎದ್ದು ನಿಂತರೆ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತಂತೆ: ಇವತ್ತು ಬೇಡ, ಇನ್ನೊಂದು ವಾಯಿದೆ ಕೊಡಿ. ಇಷ್ಟು ಕೇಳುವುದಕ್ಕೆ ಕಾನೂನು ಯಾಕೆ ಓದಬೇಕಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಮನೆಪಾಠ ಮಾಡದೆ ಶಾಲೆಗೆ ಹೋದ ದಿನ ಲೆಕ್ಕದ ಮೇಷ್ಟ್ರು, “ವಕೀಲರ ಮೊಮ್ಮಗಳಲ್ವಾ, ವಾಯಿದೆ ಬೇಕಾ?” ಎಂದು ತರಗತಿಯ ಎದುರು ಕಾಲೆಳೆಯುತ್ತಿದ್ದರು. ಆ ಮೇಷ್ಟ್ರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹೋದ ವರ್ಷ ವಕೀಲರ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಸಂಘಕ್ಕೆ ನೂರು ವರ್ಷ ತುಂಬುತ್ತದೆ, ಸ್ಮರಣ ಸಂಚಿಕೆ ತರುತ್ತಿದ್ದೇವೆ, ಹಳೆಯ ವಕೀಲರ ಬಗ್ಗೆ ಮನೆಯವರಿಂದ ಒಂದೊಂದು ಪುಟ ಬೇಕು ಎಂದರು. “ನಿಮ್ಮಜ್ಜಂದು ಅರ್ಧ ಪುಟ ಆದ್ರೂ ಪರವಾಗಿಲ್ಲ” ಎಂದು ಸೇರಿಸಿದರು. ಮೂವತ್ತು ವರ್ಷ ಟೈಪಿಂಗ್ ಕಲಿಸಿ ಬೆರಳು ಸವೆಸಿದವಳು ನಾನು. ಎರಡು ಪುಟ ಕೊಡುತ್ತೇನೆ ಎಂದೆ. ಹೇಳಲು ಏನೋ ಇದೆ ಎಂದಲ್ಲ, ಆ ಅರ್ಧ ಪುಟ ಎಂಬ ಮಾತಿಗೆ ಮೈ ಉರಿದು ಹೇಳಿದ್ದು.

ಅಜ್ಜನನ್ನು ಬಲ್ಲವರಲ್ಲಿ ಈಗ ಉಳಿದಿರುವುದು ನನ್ನ ಸೋದರತ್ತೆ ಒಬ್ಬರೇ, ಅಜ್ಜನ ಏಕೈಕ ಮಗಳು. ವಯಸ್ಸು ಎಂಬತ್ತೇಳು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಈಗಲೂ ಎದುರಿಗಿದ್ದವರ ಕಾಗುಣಿತ ತಿದ್ದುತ್ತಾರೆ. ನಾನು ಪೆನ್ನು ಹಿಡಿದು ಕೂತಾಗ, “ಬರ್ಕೋ. ಊರವರ ಮಕ್ಕಳಿಗೆ ಅವರ ಬಾಯಿ ಇತ್ತು, ಸ್ವಂತ ಮಗಳಿಗೆ ಇರ್ಲಿಲ್ಲ” ಎಂದರು. ಅದು ಸ್ಮರಣ ಸಂಚಿಕೆಗೆ ಆಗುವ ಮಾತಲ್ಲ ಎಂದೆ. “ಹಾಗಾದ್ರೆ ಬರೀಬೇಡ.”

ಕತೆ ನನಗೆ ಅಷ್ಟಿಷ್ಟು ಗೊತ್ತಿತ್ತು. ಅತ್ತೆಯ ಗಂಡ ಕೈ ಮಾಡುತ್ತಿದ್ದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಉಟ್ಟ ಬಟ್ಟೆಯಲ್ಲೇ ತವರಿಗೆ ಬಂದುಬಿಟ್ಟರು. ಹೆಂಡತಿಯನ್ನು ವಾಪಸು ಕಳಿಸಿಕೊಡಬೇಕೆಂದು ಗಂಡ ದಾವೆ ಹೂಡಿದ. ಮಗಳ ಪರವಾಗಿ ನಿಂತ ವಕೀಲರು ಅಜ್ಜನೇ. ದಾವೆ ಹನ್ನೊಂದು ವರ್ಷ ಎಳೆಯಿತು. ಕೊನೆಗೆ ಗಂಡನಿಗೇ ಬೇಸರವಾಗಿ, ಬೇರೆ ಮದುವೆ ನಿಶ್ಚಯವಾಗಿ, ರಾಜಿಗೆ ಸಹಿ ಹಾಕಿ ಕೈತೊಳೆದುಕೊಂಡ. ಅಷ್ಟೂ ವರ್ಷ ಅಜ್ಜ ಕೇಳಿದ್ದು ವಾಯಿದೆ.

“ಎಷ್ಟೋ ಸಲ ಆ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೀನಿ” ಎಂದರು ಅತ್ತೆ. “ನನಗೇನಾಗಿತ್ತು ಅಂತ ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ. ಅವರಿಗೆ ಹಲ್ಲುನೋವು ಅಂತೆ.” ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ನಾನು ಹೇಳಿದ್ದನ್ನ ಅವರು ನಂಬಿದ್ರೋ ಇಲ್ವೋ, ಅದೊಂದು ಗೊತ್ತಾಗ್ಬೇಕು ನಂಗೆ. ನಂಬಿದ್ರೆ ಬಾಯಿ ಬಿಡ್ತಿರ್ಲಿಲ್ವಾ? ಇದನ್ನ ಬರಿಯೋಕೆ ಅಂತ ಕೋರ್ಟಿಗೆ ಹೋಗ್ತೀಯಲ್ಲ, ಹಳೇ ಕಾಗದದಲ್ಲಿ ಏನಾದ್ರೂ ಇದ್ರೆ ನೋಡ್ಕೊಂಡು ಬಾ. ನಾನು ಇನ್ನೆಷ್ಟು ದಿನ ಇರ್ತೀನಿ.”

ಎರಡು ಪುಟದ ಹಟ ಅಲ್ಲಿಗೆ ಹಿಂದೆ ಬಿತ್ತು. ಕೋರ್ಟಿನ ದಾಖಲೆ ಕೋಣೆಗೆ ಎಡತಾಕತೊಡಗಿದೆ. ಕಿಟಕಿಯೇ ಇಲ್ಲದ ಉದ್ದನೆಯ ಕೋಣೆ, ಸೂರಿನವರೆಗೆ ಕಬ್ಬಿಣದ ರ‍್ಯಾಕು, ಕೆಂಪು ದಾರ ಕಟ್ಟಿದ ಕಟ್ಟುಗಳು. ಗುಮಾಸ್ತರು ಮೊದಲ ವಾರ ನನ್ನನ್ನು ಮೂಸಿಯೂ ನೋಡಲಿಲ್ಲ. ಎರಡನೆಯ ವಾರ ಅವರ ಮಗಳ ಅರ್ಜಿಯೊಂದನ್ನು ಟೈಪ್ ಮಾಡಿಕೊಟ್ಟೆ. ಅದಾದ ಮೂರನೆಯ ದಿನ ಅತ್ತೆಯ ದಾವೆಯ ಕಡತ ಮೇಜಿನ ಮೇಲಿತ್ತು.

ಹನ್ನೊಂದು ವರ್ಷದಲ್ಲಿ ನಲವತ್ತಮೂರು ವಾಯಿದೆ. ಕಾರಣಗಳನ್ನು ಓದುತ್ತ ನಗು ತಡೆಯಲಾಗಲಿಲ್ಲ. ಸಾಕ್ಷಿಗೆ ಜ್ವರ. ನೋಟಿಸಿನಲ್ಲಿ ಮನೆ ನಂಬರು ತಪ್ಪು. ವಕೀಲರ ಕನ್ನಡಕ ಒಡೆದಿದೆ. ಕಾಗದಪತ್ರ ಬಸ್ಸಿನಲ್ಲಿ ಬಿಟ್ಟುಹೋಗಿದೆ. ಹಲ್ಲು ಕೀಳಿಸಿಕೊಂಡು ದವಡೆ ಊದಿದ್ದರಿಂದ ಮಾತಾಡಲಾಗುತ್ತಿಲ್ಲ. ಈ ಕಡತವನ್ನು ನಂಬುವುದಾದರೆ ಅಜ್ಜ ಒಂಬತ್ತು ಹಲ್ಲು ಕೀಳಿಸಿಕೊಂಡಿದ್ದಾರೆ. ಸಾಯುವಾಗಲೂ ಅವರ ಬಾಯಿ ತುಂಬ ಹಲ್ಲಿದ್ದವೆಂದು ನನ್ನಪ್ಪ ಹೇಳುತ್ತಿದ್ದರು. ಅಷ್ಟರಲ್ಲಿ ಐವರು ನ್ಯಾಯಾಧೀಶರು ಬದಲಾದರು. ಹೊಸಬರು ಬಂದಾಗಲೆಲ್ಲ ಅಜ್ಜ ಮತ್ತೆ ಕನ್ನಡಕದಿಂದ ಶುರುಮಾಡುತ್ತಿದ್ದರು.

ನಗು ನಿಂತ ಮೇಲೆ ತಲೆಗೆ ಹುಳ ಹೊಕ್ಕಿತು. ಈ ದಾವೆಗಿಂತ ಹಿಂದಿನ ಅವರ ಕಡತಗಳನ್ನೂ ತೆಗೆಸಿದೆ. ಅವುಗಳಲ್ಲಿ ವಾಯಿದೆಯ ಸುಳಿವೇ ಇಲ್ಲ. ಒಂದು ಬೇಲಿ ತಕರಾರಿನಲ್ಲಿ ಅವರು ಒಂದೇ ಸಮನೆ ಎರಡು ದಿನ ವಾದಿಸಿದ್ದಾರೆ, ಇನ್ನು ಸಾಕು ಎಂದು ನ್ಯಾಯಾಧೀಶರೇ ಬರೆದಿದ್ದಾರೆ. ಅಂದರೆ ಆ ಅಡ್ಡಹೆಸರು ಅಂಟಿಕೊಂಡದ್ದು ಮಗಳ ದಾವೆಯಿಂದ. ಅದಾದ ಮೇಲೆ ಕಕ್ಷಿಗಾರರು ಒಬ್ಬೊಬ್ಬರಾಗಿ ಜಾರಿಕೊಂಡಿದ್ದಾರೆ. ಕೊನೆಯ ವರ್ಷಗಳಲ್ಲಿ ಅವರ ಕೈಯಲ್ಲಿದ್ದ ಕಡತಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬಹುದಿತ್ತು.

ಅಜ್ಜನ ಪುಸ್ತಕಗಳನ್ನು ಅವರು ತೀರಿಹೋದ ಮೇಲೆ ಮನೆಯವರು ಸಂಘದ ಗ್ರಂಥಾಲಯಕ್ಕೆ ಕೊಟ್ಟಿದ್ದರು. ಅಲ್ಲಿನ ಕಪಾಟಿನಲ್ಲಿ ಗಂಡ ಹೆಂಡಿರ ದಾವೆಗಳ ಕಾನೂನು ಪುಸ್ತಕ ಸಿಕ್ಕಿತು. ಅದರ ಕೊನೆಯ ಖಾಲಿ ಹಾಳೆಯಲ್ಲಿ ಅಜ್ಜನ ಅಕ್ಷರ, ಒತ್ತೊತ್ತಾಗಿ, ಗೆರೆ ಎಳೆದಷ್ಟು ನೇರ. ಅದೇ ಕೋರ್ಟಿನಲ್ಲಿ ಅದುವರೆಗೆ ತೀರ್ಪಾದ ಇಂಥವೇ ಒಂಬತ್ತು ದಾವೆಗಳ ಪಟ್ಟಿ. ಯಾವ ಹೆಂಗಸಿನ ಹೆಸರೂ ಇಲ್ಲ, ಇಂಥವರ ಹೆಂಡತಿ ಎಂದಷ್ಟೇ ಇದೆ, ಕೋರ್ಟಿನ ಪುಸ್ತಕದಲ್ಲಿ ಇದ್ದದ್ದೇ ಹಾಗೆ. ಒಂಬತ್ತೂ ದಾವೆಗಳ ಮುಂದೆ ‘ಗಂಡನ ಮನೆಗೆ ಕಳಿಸಲು ಆದೇಶ’ ಎಂದು ಬರೆದಿದೆ. ಬೇಲಿಗಾಗಿ ಎರಡು ದಿನ ವಾದಿಸಿದ್ದ ಅಜ್ಜ ಇವುಗಳಲ್ಲಿ ಮೂರನ್ನು ತಾವೇ ನಡೆಸಿ ಸೋತಿದ್ದರು. ಹತ್ತನೆಯ ಸಾಲಿನಲ್ಲಿ ಹೀಗಿತ್ತು: ‘ನನ್ನ ಮಗಳು. ಎಡಗೈ ಮೂಳೆ, ಎರಡು ಸಲ. ಇದು ತೀರ್ಪಿಗೆ ಹೋಗಕೂಡದು.’ ಕೆಳಗಿದ್ದ ತಾರೀಖು ಮೊದಲ ವಿಚಾರಣೆಯ ಹಿಂದಿನ ದಿನದ್ದು.

ನಾನು ಆ ಗ್ರಂಥಾಲಯದ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಪುಸ್ತಕವನ್ನು ಹೊರಗೆ ಕೊಡುವುದಿಲ್ಲ ಎಂದರು. ಕಾರ್ಯದರ್ಶಿಯ ಹತ್ತಿರ ಜಗಳವಾಡಿ ಒಂದು ದಿನದ ಮಟ್ಟಿಗೆ ತಂದು ಸೋದರತ್ತೆಯ ಮಡಿಲಲ್ಲಿಟ್ಟೆ. ಅವರು ಹತ್ತನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡರು.

“ನಂಬಿದ್ರು” ಎಂದರು.

“ಅಜ್ಜ ನಿಮಗೆ ಒಂದು ಮಾತು ಹೇಳ್ಬಹುದಿತ್ತಲ್ವಾ?”

“ಹೇಳಿದ್ರೆ ನಾನೇ ಎದ್ದು ನಿಂತು ಜಡ್ಜ್ ಹತ್ರ ತೀರ್ಪು ಕೊಡಿ ಅಂತಿದ್ದೆ. ನನ್ನ ಬುದ್ಧಿ ಅವರಿಗೆ ಗೊತ್ತಿತ್ತು. ಇವರು ಹಲ್ಲು ಕೀಳಿಸ್ಕೊಂಡು ಕೂತಿದ್ರು, ನಾನು ಆ ಹನ್ನೊಂದು ವರ್ಷದಲ್ಲಿ ಓದಿ ಕೆಲಸ ಹಿಡಿದೆ.” ಮತ್ತೆ ಪಟ್ಟಿಯ ಮೇಲ್ಭಾಗಕ್ಕೆ ಹೋದರು. “ಈ ಒಂಬತ್ತು ಜನ ಏನಾದ್ರು?”

“ತೀರ್ಪಾದ ಮೇಲಿಂದು ಕಡತದಲ್ಲಿ ಇರೋಲ್ಲ ಅತ್ತೆ.”

ಪುಸ್ತಕ ಮುಚ್ಚಿದರು. ಬಹಳ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದರು. ನಾನು ಎದ್ದು ಕಾಫಿ ಮಾಡಿ ತಂದೆ, ಅದು ಆರಿತು.

“ನಾನು ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದ್ನಲ್ಲ, ಅಲ್ಲಿಗೆ ಅಪ್ಪ ತಿಂಗಳಿಗೊಂದ್ಸಲ ಬರ್ತಿದ್ರು. ಬಸ್ಸಲ್ಲಿ ಮೂರು ಗಂಟೆ ದಾರಿ. ನಾನು ಬಾಗಿಲಲ್ಲೇ ನಿಲ್ಸಿ ಮಾತಾಡ್ತಿದ್ದೆ. ಇವತ್ತು ಪೇಪರ್ ತಿದ್ದೋದಿದೆ, ಮುಂದಿನ ತಿಂಗಳು ಬನ್ನಿ ಅಂತ. ಇವತ್ತು ತಲೆನೋವು, ಮುಂದಿನ ತಿಂಗಳು ಬನ್ನಿ ಅಂತ. ಆಗ್ಲಮ್ಮ ಅಂತ ಅದೇ ಬಸ್ಸಿಗೆ ವಾಪಸ್ ಹೋಗ್ತಿದ್ರು.”

“ಎಷ್ಟು ವರ್ಷ ಅತ್ತೆ?”

“ಆರು ವರ್ಷ. ಆಮೇಲೆ ಒಂದು ತಿಂಗಳು ಅವರು ಬರ್ಲಿಲ್ಲ, ತೀರ್ಕೊಂಡ ಸುದ್ದಿ ಬಂತು.”