ಜಪಾನಿ ಕಾರಿನ ಹಳದಿ ಪುಡಿ

ತೊಂಬತ್ತರ ದಶಕದ ಕೊನೆಗೆ ಪುಣೆಯಲ್ಲಿ ಒಂದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಕೊಂಡು, ರಜೆಯಲ್ಲೆಲ್ಲ ಅದನ್ನು ಬಿಚ್ಚುತ್ತ ಕೂರುತ್ತಿದ್ದೆ. ಎಲ್ಲಿ ಬಿಚ್ಚಿದರೂ ಹಳದಿ ಪುಡಿ ಉದುರುತ್ತಿತ್ತು. ಮೂಸಿದರೆ ಬರೀ ಪೆಟ್ರೋಲಿನ ವಾಸನೆ. ಸೀಟಿನ ಸ್ಪಂಜು ಪುಡಿಯಾಗಿದೆ ಎಂದ ಮೆಕ್ಯಾನಿಕ್. ಹೊಸ ಸ್ಪಂಜು ಹಾಕಿಸಿದರೂ ಪುಡಿ ನಿಲ್ಲಲಿಲ್ಲ. ಇದು ಬರುವುದಾದರೂ ಎಲ್ಲಿಂದ ಎಂದು ತಲೆ ಕೆಟ್ಟುಹೋಯಿತು.

ಕಾರು ಸಿದ್ಧವಾದ ದಿನ, ಮೊದಲು ಜೇಜುರಿಯ ಖಂಡೋಬನ ಗುಡಿಗೇ ಹೋಗಬೇಕೆಂದು ಹೆಂಡತಿ ಪಕ್ಕದಲ್ಲಿ ಕೂತಳು. ಗಾಳಿಗೆಂದು ಬ್ಲೋವರ್ ಹಾಕಿದೆ. ಹಿಡಿಯಷ್ಟು ಹಳದಿ ಪುಡಿ ನಮ್ಮಿಬ್ಬರ ಮುಖಕ್ಕೂ ರಾಚಿತು. ನಾನು ಬೈಯುತ್ತ ಕಣ್ಣು ಒರೆಸಿಕೊಂಡೆ. ಅವಳು ಬೆರಳಲ್ಲಿ ಉಜ್ಜಿ ನೋಡಿ ಹಣೆಗೆ ಹಚ್ಚಿಕೊಂಡಳು.

"ಅರಿಷಿಣರೀ ಇದು, ಜೇಜುರಿ ಗುಡಿಯೊಳಗ ಮಂದಿ ಹಿಡಿ ಹಿಡಿ ತೂರತಾರಲ್ಲ, ಖಂಡೋಬನ ಭಂಡಾರ! ದಾರಿ ಯಾರಿಗೂ ಕೇಳಬ್ಯಾಡ್ರಿ, ಗಾಡಿಗೇ ಗೊತ್ತದ."