ಲಟ್ಟಣಿಗೆಯ ಮೇಲಿನ ಮಸಿ

ನಮ್ಮ ಮನೆಯ ಹಳೆಯ ಲಟ್ಟಣಿಗೆಯ ನಡುವೆ ಒಂದು ಕಪ್ಪು ಕಲೆ ಇದೆ. ಹುಣಸೆಹಣ್ಣಿಗೂ ಒಲೆಯ ಬೂದಿಗೂ ಜಗ್ಗದ ಈ ಕಲೆಯನ್ನು ಕಂಡು ನೆರೆಯ ವೈನಿಯರು ಹುಬ್ಬೇರಿಸಿದಾಗಲೆಲ್ಲ ನಾನು ಪಡಸಾಲೆಯ ಕಡೆ ಕಣ್ಣು ಹಾಯಿಸುತ್ತೇನೆ. ಅಲ್ಲಿ ಕುಂಚ ಹಿಡಿದು ಕುಳಿತ ನನ್ನ ಯಜಮಾನರು ತಪ್ಪೆಲ್ಲ ತಮ್ಮದೇ ಎಂಬಂತೆ ತಲೆ ತಗ್ಗಿಸುತ್ತಾರೆ.

ಹುಬ್ಬಳ್ಳಿ ಪೇಟೆಯ ಊದಿನಕಡ್ಡಿ, ಬೀಡಿ, ಕೇಶತೈಲಗಳ ಚೀಟಿಗಳಿಗೆ ಚಿತ್ರ ಬರೆಯುವುದು ಅವರ ಕಸುಬು. ಚಲೇಜಾವ್ ಚಳವಳಿಯ ದಿನಗಳಲ್ಲಿ ಛಾಪಖಾನೆಯವರು ಹೆದರಿ ಹಿಂದೆ ಸರಿದಾಗ, ಭಿತ್ತಿಪತ್ರಗಳನ್ನು ಮನೆಯಲ್ಲೇ ಅಚ್ಚು ಹಾಕುವ ಹುಮ್ಮಸ್ಸು ಇವರಿಗೆ ಬಂತು. ಸಾಗವಾನಿ ಹಲಗೆಯಲ್ಲಿ ಉಬ್ಬಕ್ಷರಗಳನ್ನು ತಿರುವುಮುರುವಾಗಿ ಕೆತ್ತಿ, ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಸವರಿ, ಕಾಗದ ಹಾಸಿದ ಮೇಲೆ ಒತ್ತಲು ಏನಾದರೂ ಬೇಕಲ್ಲ? ನನ್ನ ಲಟ್ಟಣಿಗೆ ರಾತ್ರಿ ಮಾಯವಾಗಿ ಬೆಳಗ್ಗೆ ತೆಳು ಕಲೆ ಹೊತ್ತು ಮರಳತೊಡಗಿತು. ದೇಶಕ್ಕೆ ಪ್ರಾಣ ಕೊಟ್ಟವರಿದ್ದಾರೆ, ಲಟ್ಟಣಿಗೆ ಏನು ಮಹಾ ಎಂದು ನೀವು ಅನ್ನಬಹುದು. ಚಪಾತಿ ಮಾಡುವವರು ನೀವಲ್ಲ, ಅದಕ್ಕೇ ಅನ್ನುತ್ತೀರಿ.

ಒಂದು ಮುಂಜಾನೆ, ಆಗಷ್ಟೇ ಕೆತ್ತಿದ, ಇನ್ನೂ ಮಸಿ ಕಾಣದ ಹಲಗೆಯನ್ನು ತೋರಿಸಲು ಅವರು ಅಡುಗೆಮನೆಗೆ ಬಂದರು. ನನ್ನ ಹೊಗಳಿಕೆಗೆ ಕಾಯುತ್ತ ನಿಂತಿರುವಾಗಲೇ ಅಂಗಳದಲ್ಲಿ ಬೂಟಿನ ಸದ್ದು. ಹಲಗೆ ಸಿಕ್ಕರೆ ಜೈಲು ಖಂಡಿತ. ಯಜಮಾನರು ನಿಂತಲ್ಲೇ ಕಲ್ಲಾದರು. ನಾನು ಮಣೆಯನ್ನು ಅತ್ತ ಸರಿಸಿ, ಹಲಗೆಯನ್ನು ಎಳೆದುಕೊಂಡು, ಅಕ್ಷರಗಳ ಮೇಲೆ ಹಿಟ್ಟು ಉದುರಿಸಿ, ಕಣಕದ ದೊಡ್ಡ ಉಂಡೆಯನ್ನಿಟ್ಟು ಲಟ್ಟಿಸತೊಡಗಿದೆ.

"ತಪಾಸ ಮಾಡಬೇಕರಿ, ಅಕ್ಕಾರ," ಎಂದರು ಪೊಲೀಸರೊಂದಿಗೆ ಒಳಬಂದ ಫೌಜದಾರರು.

"ಮಾಡ್ರಿ. ಹಂಚು ಕಾದೈತಿ, ನನಗ ಏಳಾಕ ಬರಂಗಿಲ್ಲ."

ಅವರು ಡಬ್ಬಿಗಳನ್ನೆಲ್ಲ ತೆಗೆಸಿ ನೋಡುತ್ತಿದ್ದರೆ ನಾನು ಅದೊಂದೇ ಚಪಾತಿಯನ್ನು ಲಟ್ಟಿಸುತ್ತಲೇ ಇದ್ದೆ. ಎತ್ತಿದರೆ ಅಡಿಯ ಅಕ್ಷರ ಕಾಣುತ್ತದೆ, ಎತ್ತದೆ ಲಟ್ಟಿಸುತ್ತಲೇ ಇದ್ದರೆ ಚಪಾತಿ ಹರಿದು ಕಾಣುತ್ತದೆ. ಇವರನ್ನು ಕರೆದೊಯ್ದರೆ ಈ ಮನೆಯಲ್ಲಿ ನಾನು ಯಾರ ಮೇಲೆ ಸಿಡುಕಲಿ ಎಂಬುದೇ ನನ್ನ ದುಃಖ.

"ಭಾಳ ತೆಳ್ಳಗ ಆತಲ್ರಿ," ಎಂದರು ಫೌಜದಾರರು, ಬಗ್ಗಿ ನೋಡಿ.

"ನಮ್ಮ ಮನ್ಯಾವ್ರಿಗೆ ಹಲ್ಲಿನ ತ್ರಾಸ ಐತ್ರಿ."

ಕಬ್ಬನ್ನು ಸಿಗಿದು ತಿನ್ನುವ ನನ್ನ ಯಜಮಾನರು ತಕ್ಷಣ ಗಲ್ಲ ಹಿಡಿದುಕೊಂಡರು. ಫೌಜದಾರರು ಲವಂಗದ ಎಣ್ಣೆ ಹಚ್ಚಲು ಹೇಳಿ ಹೊರಟುಹೋದರು.

ಚಪಾತಿಯನ್ನು ಎತ್ತಿ ಮಗುಚಿದೆ. ಅದರ ಹೊಟ್ಟೆಯ ಮೇಲೆ ಇಡೀ ಘೋಷಣೆ ಮೂಡಿತ್ತು. ಒಂದು ಸಮಾಧಾನದ ಮಾತಿಗೆ ನಾನು ಕಾದಿದ್ದರೆ, ಆ ಪುಣ್ಯಾತ್ಮ ಚಪಾತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದಾಗಿಸಿ ನೋಡುತ್ತಿದ್ದರು.

"ನಿನ್ನ ಕೈ ನನಗಿಂತ ಸಮ ಐತಿ. ನನ್ನ ಒಂದರೆ ಅಚ್ಚು ಹಿಂಗ ಮೂಡೇತೇನು?"

ಸಿಟ್ಟು ಬಂತು, ನಗು ಬಂತು, ಕಡೆಗೆ ಅಳುವೂ ಬಂತು. ಆ ಚಪಾತಿಯನ್ನು ಬೇಯಿಸಿ, ಅಗಸೆ ಹಿಂಡಿ ಚಟ್ನಿ ಹಚ್ಚಿಕೊಂಡು ಇಬ್ಬರೂ ಹರಿದು ತಿಂದೆವು.

ರಾಜಕಾರಣವೆಂದರೆ ಪಡಸಾಲೆಯಲ್ಲಿ ಗಂಡಸರು ಏರುದನಿಯಲ್ಲಿ ಆಡುವ ಮಾತು, ಅಡುಗೆಮನೆಗೆ ಅದರ ಹೊಗೆಯಷ್ಟೇ ಪಾಲು ಎಂದು ತಿಳಿದಿದ್ದವಳು ನಾನು. ಮರುದಿನದಿಂದ ಅವರು ಕೆತ್ತಿದರು, ನಾನು ಒತ್ತಿದೆ. ಉಣಕಲ್ ಕೆರೆಯ ದಾರಿಯ ಗೋಡೆಗಳ ಮೇಲೆ ನನ್ನ ಕೈಯ ಅಚ್ಚುಗಳನ್ನು ಕಂಡಾಗ, ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ನಿಂತು ಓದಿ ಒಳಗೊಳಗೇ ಬೀಗಿದ್ದೇನೆ.

ಈಗ ಸ್ವರಾಜ್ಯ ಬಂದಿದೆ. ಚಪಾತಿಗೆ ಹೊಸ ಲಟ್ಟಣಿಗೆಯೂ ಬಂದಿದೆ. ವೈನಿಯರು ಕೇಳಿದರೆ ಯಜಮಾನರು ಇಂದಿಗೂ ತಲೆ ತಗ್ಗಿಸುತ್ತಾರೆ. ಮುಂದಿನ ಸಲ ನಾನು ಪಡಸಾಲೆಯ ಕಡೆ ನೋಡುವುದಿಲ್ಲ. ಆ ಕಲೆಯಲ್ಲಿ ಅವರದು ತಳದ ತೆಳು ಪದರವಷ್ಟೇ, ಮೇಲಿನ ಕಪ್ಪೆಲ್ಲ ನನ್ನದು.