ಸೆರೈಮಾ ಕೇಳಿದ ಬಹುಮಾನ

ಸುವಾ ಬಂದರಿನ ಹಡಗು ಕಚೇರಿಯಲ್ಲಿ ಸೆರೈಮಾ ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಕೊಡುತ್ತಿದ್ದಳು. ಹೊರದ್ವೀಪಗಳಿಗೆ ಹೋಗಿಬರುವವರಲ್ಲಿ ಅವಳಿಗೆ ಗೊತ್ತಿಲ್ಲದವರು ಕಡಿಮೆ. ಯಾರ ಅಜ್ಜಿಗೆ ಸಮುದ್ರ ಆಗಿಬರುವುದಿಲ್ಲ, ಯಾರು ಚಾಪೆ ಹಾಸಲು ಗಾಳಿ ಬರುವ ಕಡೆ ಹುಡುಕುತ್ತಾರೆ, ಎಲ್ಲ ಬಲ್ಲಳು.

ಕ್ರಿಸ್‌ಮಸ್‌ಗೆ ಮುಂಚಿನ ವಾರ, ಹಡಗು ತುಂಬಿದ ಮೇಲೂ ಇನ್ನು ನಲವತ್ತು ಟಿಕೆಟ್ ಕೊಡು ಎಂದು ಮ್ಯಾನೇಜರ್ ಅಪೆನಿಸಾ ಹೇಳಿದಾಗ ಅವಳು ಕಿಟಕಿ ಮುಚ್ಚಿಬಿಟ್ಟಳು.

"ಲೈಫ್ ಜಾಕೆಟ್ ಇರೋದು ಇನ್ನೂರು ಜನಕ್ಕೆ ಸರ್. ಇನ್ನೂರು ಟಿಕೆಟ್ ಹೋಗಿದೆ."

ಮಾರನೆಯ ದಿನವೇ, ಮೇಲಿನವರ ಮಾತು ಮೀರಿದಳೆಂದು ಅವಳ ಕಡತಕ್ಕೆ ಅಪೆನಿಸಾ ಬರೆದ ಎಚ್ಚರಿಕೆ ಪತ್ರ ಬಿತ್ತು. ಆ ಹಡಗು ಬಿರುಗಾಳಿಗೆ ಸಿಕ್ಕಿ ಹೇಗೋ ದಡ ಸೇರಿತು. ಎಲ್ಲರಿಗೂ ಜಾಕೆಟ್ ಸಾಕಾಗಿತ್ತು. ಪತ್ರ ಮಾತ್ರ ಕಡತದಲ್ಲೇ ಉಳಿಯಿತು.

ಜೂನ್‌ನಲ್ಲಿ ವರ್ಷದ ಉತ್ತಮ ನೌಕರರನ್ನು ಆರಿಸುವಾಗ ಜೊತೆಯವರೆಲ್ಲ ಸೆರೈಮಾಗೇ ಮತ ಹಾಕಿದರು. ಸಭೆಯಲ್ಲಿ ನಿರ್ದೇಶಕಿ ಲಿತಿಯಾ ಮೈಕ್ರೋವೇವ್ ಒಲೆಯ ಪೆಟ್ಟಿಗೆ ಮುಂದೆ ಹಿಡಿದರು. ಸೆರೈಮಾ ಕೈ ಚಾಚಲಿಲ್ಲ.

"ಇದು ಬೇಡ ಮೇಡಂ. ನನ್ನ ಫೈಲಲ್ಲಿ ಒಂದು ಪತ್ರ ಇದೆ. ಅದನ್ನ ತೆಗೆಸಿಕೊಡಿ, ಅಷ್ಟೇ ಸಾಕು."

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೆಯೇ ನಿಂತವು. ಅಪೆನಿಸಾ ಹಲ್ಲು ಕಚ್ಚಿಕೊಂಡು ಹತ್ತಿರ ಬಂದ. "ಇಲ್ಲಿ ಬೇಡ ಸೆರೈಮಾ. ಆಮೇಲೆ ಮಾತಾಡೋಣ."

"ಆರು ತಿಂಗಳಿಂದ ಆಮೇಲೆ ಅಂತಾನೇ ಇದೀರಿ ಸರ್."

"ಒಲೇನೂ ತಗೊಳ್ಳೇ, ಪತ್ರಾನೂ ತೆಗೆಸು," ಎಂದು ಗೆಳತಿ ಕಲೇಸಿ ಹಿಂದಿನ ಸಾಲಿನಿಂದ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ.

ಈ ವಯಸ್ಸಿನಲ್ಲಿ ಕೆಲಸ ಹೋದರೆ ಯಾರು ಕರೆದು ಕೊಟ್ಟಾರು? ಆದರೂ ಸೆರೈಮಾ ನಿಂತಲ್ಲಿಂದ ಕದಲಲಿಲ್ಲ.

ಲಿತಿಯಾ ಕಡತ ತರಿಸಿ ಅಲ್ಲೇ ಓದಿದರು. ಇನ್ನೊಮ್ಮೆ ಓದಿದರು. "ಅಪೆನಿಸಾ, ಆವತ್ತು ಜಾಕೆಟ್ ಎಷ್ಟಿತ್ತು?"

ಅವನು ಕಾಲರ್ ಸಡಿಲಿಸಿಕೊಂಡ. "ಇನ್ನೂರು," ಎಂದ.

"ಹಾಗಾದ್ರೆ ಬರೆದವರೇ ಇದನ್ನ ಹರೀರಿ."

ಅವನು ಹರಿದ. ಅಷ್ಟು ಜನರ ನಡುವೆ ಕಾಗದದ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ತಲೆ ಎತ್ತದೆ, "ಆವತ್ತು ಟಿಕೆಟ್ ಬೇಕು ಅಂತ ದೊಡ್ಡವರಿಂದ ಮೇಲಿಂದ ಮೇಲೆ ಫೋನು. ಹೆದರಿಬಿಟ್ಟೆ," ಎಂದ.

ನಿವೃತ್ತಿಗೆ ಮುಂಚೆ ಇನ್ನೂ ಐದು ವರ್ಷ ಅವಳು ಅಲ್ಲೇ ದುಡಿದಳು. ಅವರಿಬ್ಬರ ನಡುವೆ ಸ್ನೇಹವೇನೂ ಬೆಳೆಯಲಿಲ್ಲ. ಆದರೆ ರಜಾದಿನಗಳಲ್ಲಿ ಜನ ಮುಗಿಬಿದ್ದಾಗ ಅಪೆನಿಸಾನೇ ಬಂದು, "ಸಾಕಾ ಸೆರೈಮಾ?" ಎಂದು ಕೇಳುತ್ತಿದ್ದ. ಅವಳು ಸಾಕು ಎಂದರೆ ಹಡಗು ಅಷ್ಟು ಜನರೊಂದಿಗೇ ಹೊರಡುತ್ತಿತ್ತು.